ಅಮಲ್ದಾರರ ಪಕ್ಕದಲ್ಲಿ ಅಪ್ಪ

ಶ್ರೀನಿವಾಸಪುರದ ಪೆಟ್ರೋಲ್ ಬಂಕಿಗೆ ಇಪ್ಪತ್ತೈದು ತುಂಬಿದ ೧೯೮೨ರಲ್ಲಿ ಎಣ್ಣೆ ಕಂಪನಿಯಿಂದ ಕಾಗದ ಬಂತು: ಹಳೆಯ ಬಂಕುಗಳ ಫೋಟೋ ಬೆಂಗಳೂರಿನ ಆಫೀಸಿನಲ್ಲಿ ತೂಗುಹಾಕುತ್ತೇವೆ, ಸ್ಥಾಪಕರು ಇರುವ ಫೋಟೋ ಕಳಿಸಿ.

ಕೋದಂಡರಾಮಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನಪ್ಪ ಮುನಿಯಲ್ಲಪ್ಪ ಮಾವಿನ ತೋಪು ಮಾರಿ ಬಂಕು ಹಾಕಿದಾಗ ಊರೆಲ್ಲ ನಕ್ಕಿತ್ತು. "ಊರಲ್ಲಿರೋದು ಎರಡು ಕಾರು, ಒಂದು ಜೀಪು. ಮಿಕ್ಕ ಪೆಟ್ರೋಲ್ನ ಎತ್ತಿಗೆ ಕುಡಿಸ್ತೀಯೇನಯ್ಯಾ?" ಅಪ್ಪ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಈಗಲಾದರೂ ಅಪ್ಪನ ಮುಖ ಆ ಗೋಡೆ ಹತ್ತಬೇಕು ಎಂಬುದೊಂದೇ ಮಗನ ಆಸೆ.

ಟ್ರಂಕಿನಿಂದ ಉದ್ಘಾಟನೆಯ ಫೋಟೋ ತೆಗೆದು ನೋಡಿದ. ಅಮಲ್ದಾರರಿದ್ದಾರೆ, ಶಾನುಭೋಗರಿದ್ದಾರೆ, ಯಲ್ದೂರಿನಿಂದ ಬರೀ ಊಟಕ್ಕೆ ಬಂದ ನೆಂಟನೂ ಮೀಸೆ ತಿರುವಿ ನಿಂತಿದ್ದಾನೆ. ಹಿಂದೆ, ಕೈಯಲ್ಲಿ ತಿರುಗಿಸುವ ಹಳೇ ಪಂಪು ಹಾರ ಹಾಕಿಸಿಕೊಂಡು ಮದುಮಗನಂತೆ ನಿಂತಿದೆ. ಅಪ್ಪ ಮಾತ್ರ ಇಲ್ಲ. ಏನಾಯಿತೆಂದು ಮಗನಿಗೂ ಗೊತ್ತಿಲ್ಲ, ಅಂದು ಅವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ.

ಸೀದಾ ಖುದ್ದೂಸ್ ಸಾಬರ ಸ್ಟುಡಿಯೋಗೆ ಓಡಿದ. ಬದುಕಿದ್ದಾಗ ಫೋಟೋಗೆ ನಿಲ್ಲದವರನ್ನು ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ಫೋಟೋ ಹೊಡೆದು, ಆಮೇಲೆ ಕಣ್ಣು ಬರೆದು, ಬೇಕಾದರೆ ಮೊಮ್ಮಗನ ಮದುವೆ ಫೋಟೋದಲ್ಲೂ ಸೇರಿಸಿಕೊಡುವುದು ಸಾಬರ ಕಸುಬು. ಮುನಿಯಲ್ಲಪ್ಪನದು ಇದ್ದದ್ದೂ ಅಂಥದೇ ಒಂದು ಫೋಟೋ.

"ಅಮಲ್ದಾರ್ ಪಕ್ಕದಲ್ಲೇ ನಿಲ್ಲಿಸ್ತೀನಿ ಬಿಡಿ ಅಣ್ಣಾ," ಎಂದರು ಸಾಬರು. "ಆದ್ರೆ ಇದರಲ್ಲಿ ನಿಮ್ಮಪ್ಪ ಕೂತಿದಾರೆ. ಕಾಲು ಬೇರೆಯವರದ್ದು ಹಾಕ್ಬೇಕಾಗ್ತದೆ."

"ಯಾರದ್ದು?"

"ಗಾಬರಿ ಬೇಡ, ಒಳ್ಳೆ ಮನೆತನದ ಕಾಲೇ ಹಾಕ್ತೀನಿ."

ವಾರದ ಮೇಲೆ ಹೊಸ ಫೋಟೋ ಬಂತು. ಕೊರಳಲ್ಲಿ ಹೆಣದ ಹಾರ, ದೆವ್ವ ಕಂಡವನ ಹಾಗೆ ಬಿಟ್ಟ ಕಣ್ಣು, ಸೊಂಟದಿಂದ ಕೆಳಗೆ ವೇಮಗಲ್ ಕಡೆಯ ಯಾವನೋ ದಫೇದಾರನ ನಿಕ್ಕರು, ಬೂಟು. ಆದರೂ ಮುಖ ಅಪ್ಪನದೇ ಎಂದು ಕೋದಂಡರಾಮಪ್ಪ ಸಮಾಧಾನ ಮಾಡಿಕೊಂಡು ತಾಯಿ ತಿರುಮಲಮ್ಮನ ಕೈಗೆ ಕೊಟ್ಟ.

ಮುದುಕಿ ಕನ್ನಡಕ ಏರಿಸಿ ನೋಡಿದಳು. "ಯಾರೋ ಇವನು?"

"ಅಪ್ಪ ಕಣಮ್ಮಾ!"

"ನಿಮ್ಮಪ್ಪ ಹುಟ್ಟಿದ ಮೇಲೆ ಬೂಟು ಹಾಕಿದೋರಲ್ಲ." ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಳೇ ಫೋಟೋ ತಾ," ಎಂದಳು.

ಅವಳ ಬೆರಳು ಅಮಲ್ದಾರರ ಪೇಟ ದಾಟಿ ಪಂಪಿನ ಪಕ್ಕಕ್ಕೆ ಹೋಯಿತು. ಅಲ್ಲಿ ಹ್ಯಾಂಡಲ್ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು, ಮಣಿಕಟ್ಟಿನಲ್ಲಿ ಬೆಳ್ಳಿ ಕಡಗ. ಯಾವನೋ ಆಳಿನದೆಂದು ಮಗ ಅದನ್ನು ಗಮನಿಸಿಯೇ ಇರಲಿಲ್ಲ.

"ಇಲ್ಲಿದಾರೆ ನೋಡೋ. ಫೋಟೋ ಅಂದಿದ್ದೇ ತಡ, ಎಲ್ರೂ ಮುಂದಕ್ಕೆ ನುಗ್ಗಿದ್ರು. ನೀವೂ ಬನ್ರೀ ಅಂತ ಕೂಗ್ದೆ. 'ತಡಿಯೇ, ಮೊದಲನೇ ಗಿರಾಕಿ, ಜೀಪಿಗೆ ಹಾಕ್ತಾ ಇದೀನಿ' ಅಂದ್ರು."

ಕೋದಂಡರಾಮಪ್ಪ ಫೋಟೋವನ್ನು ಬೆಳಕಿಗೆ ಹಿಡಿದ. ಆ ಕೈಯನ್ನೇ ಬಹಳ ಹೊತ್ತು ನೋಡಿದ. ಮಾರನೆಯ ದಿನ ಹಳೇ ಫೋಟೋವನ್ನೇ ಕಂಪನಿಗೆ ಕಳಿಸಿದ. ಕೈಯ ಸುತ್ತ ಕೆಂಪು ಶಾಯಿಯಲ್ಲಿ ದುಂಡಗೆ ಗೆರೆ ಎಳೆದು, ಕೆಳಗೆ ಬರೆದಿದ್ದ: "ಸ್ಥಾಪಕರು. ಕೆಲಸದಲ್ಲಿದ್ದಾರೆ."