ಗೋಡೆಯ ಮೇಲೆ ನಗುವ ಆನೆ

ನಮ್ಮೂರಿನ ಅಂಗನವಾಡಿಯ ಗೋಡೆಯ ಮೇಲೆ ಒಂದು ಆನೆಯಿದೆ. ನೀಲಿ ಬಣ್ಣದ್ದು. ತಲೆಯ ಮೇಲೆ ಕೆಂಪು ಕೊಡೆ, ಕಾಲಡಿಯಲ್ಲಿ ಚೆಂಡು, ಬಾಯಿ ತುಂಬ ನಗು. ಪೇಟೆಯಿಂದ ಬಂದ ಪೇಂಟರು ಬರೆದು ಹೋಗಿದ್ದು. ಅವನು ಆನೆಯನ್ನು ಎಲ್ಲಿ ನೋಡಿದ್ದನೋ ಆ ಶಿವನೇ ಬಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿರುವ ನಮಗೆ ಆನೆ ಅಂದರೆ ಕತ್ತಲಲ್ಲಿ ಪಟಾಕಿ ಸದ್ದು, ಬೆಳಗಾದರೆ ನೆಲಕ್ಕೆ ಮಲಗಿದ ರಾಗಿ. ಅದು ನಗುವುದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಆದರೂ ಆ ಚಿತ್ರದ ಬಗ್ಗೆ ಒಬ್ಬರೂ ಚಕಾರ ಎತ್ತಿರಲಿಲ್ಲ. ಅಂಗನವಾಡಿ ಅಂದರೆ ಮೊಟ್ಟೆ, ಹಾಲು, ಚುಚ್ಚುಮದ್ದು. ಗೋಡೆಯ ಮೇಲೆ ಏನಿದ್ದರೆ ನಮಗೇನು? ಅಂಗನವಾಡಿಗೆ ಬಂದ ಚಿತ್ರಪುಸ್ತಕಗಳ ಕಥೆಯೂ ಅಷ್ಟೆ. ಹರಿದು ಹೋದಾವು ಅಂತ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಮೇಲಿನವರು ನೋಡಲು ಬಂದ ದಿನ ಮಾತ್ರ ಅವು ಹೊರಗೆ ಬರುತ್ತಿದ್ದವು, ಹಬ್ಬದ ದಿನ ಮಾತ್ರ ಉಡುವ ಸೀರೆಯ ಹಾಗೆ.

ಈ ವರ್ಷ ಶಾಂತಲಾ ಟೀಚರ್ ಬಂದಳು. ಮಿರ್ಲೆ ಕಡೆಯ ಹುಡುಗಿ, ಮದುವೆಯಾಗಿ ನಮ್ಮೂರಿಗೆ ಸೊಸೆಯಾಗಿ ಬಂದು ಕೆಲಸವನ್ನೂ ಇಲ್ಲಿಗೇ ವರ್ಗ ಮಾಡಿಸಿಕೊಂಡಿದ್ದಳು. ಒಳ್ಳೆಯವಳು, ಉತ್ಸಾಹ ಮಾತ್ರ ಒಂದು ಹಿಡಿ ಜಾಸ್ತಿ. ಬಂದವಳೇ ಟ್ರಂಕಿನ ಬೀಗ ತೆಗೆದಳು. ಪುಸ್ತಕಗಳನ್ನು ದಾರಕ್ಕೆ ನೇತುಹಾಕಿದಳು. ಆಯಾ ಹಬ್ಬಕ್ಕೆ ಮಕ್ಕಳಿಂದ ಏನಾದರೊಂದು ಮಾಡಿಸುತ್ತಿದ್ದಳು. ಗೌರಿ ಗಣೇಶ ಹತ್ತಿರ ಬಂದಾಗ ರಟ್ಟು ಕತ್ತರಿಸಿ ಕಿವಿ ಮಾಡಿ, ಹಳೇ ಪೇಪರು ಸುತ್ತಿ ಸೊಂಡಿಲು ಮಾಡಿ, ಬೂದಿ ಬಣ್ಣ ಬಳಿದು, ಮಕ್ಕಳಿಗೆಲ್ಲ ಗಣಪನ ಮುಖವಾಡ ತಯಾರಿಸಿದಳು.

ಆ ದಿನ ಒಳಗೆ ಅಡುಗೆ ಮಾಡುತ್ತಿದ್ದವಳು ಸಹಾಯಕಿ ದೊಡ್ಡತಾಯಮ್ಮ. ಅವಳ ಮೊಮ್ಮಗಳು ಪವಿತ್ರ ಮುಖವಾಡ ಕಟ್ಟಿಕೊಂಡು, ಸೊಂಡಿಲು ಬೀಸುತ್ತ, ಘೀ ಅಂತ ಕೂಗುತ್ತ ಮಂಗಳಾಳ ಮುಂದೆ ಬಂದು ನಿಂತಳು. ಮಂಗಳಾ ಹಾಡಿಯ ಮಗು, ಊರಾಚೆ ಕಾಡಿಗೆ ತಾಗಿಕೊಂಡಿರುವ ಜೇನುಕುರುಬರ ಮನೆಗಳಿಂದ ಬರುವವಳು. ಇನ್ನೂ ನಾಲ್ಕು ವರ್ಷ. ಆ ಕಾಗದದ ಸೊಂಡಿಲು ಕಂಡಿದ್ದೇ ತಡ, ಮಗು ಕಿರುಚಿದ ರಭಸಕ್ಕೆ ಒಲೆಯ ಮುಂದಿದ್ದ ದೊಡ್ಡತಾಯಮ್ಮನ ಕೈಯಿಂದ ಸೌಟು ಬಿತ್ತು. ಮಗು ಕೂತಲ್ಲೇ ಒದ್ದೆ ಮಾಡಿಕೊಂಡು, ಎದ್ದು, ಬಾಗಿಲು ದಾಟಿ ಹಾಡಿಯ ಕಡೆಗೆ ಓಡಿತು.

ಮಕ್ಕಳು ನಕ್ಕವು. ಶಾಂತಲಾ ಕೂಡ ಮೊದಲು ನಕ್ಕಳು. "ಗಣಪ್ಪನ್ನ ನೋಡಿ ಹೆದರಿಕೊಳ್ಳೋದಾ?" ಅಂದಳು. ದೊಡ್ಡತಾಯಮ್ಮ ಮಾತ್ರ ನಗಲಿಲ್ಲ.

ಮಂಗಳಾ ಮಾರನೇ ದಿನ ಬರಲಿಲ್ಲ. ಹಬ್ಬ ಕಳೆಯಿತು, ಗಣಪತಿ ಬಿಟ್ಟಾಯಿತು, ಆಗಲೂ ಬರಲಿಲ್ಲ. ಒಂದು ಮಧ್ಯಾಹ್ನ ಶಾಂತಲಾ ಪಾತ್ರೆ ತೊಳೆಯುತ್ತಿದ್ದ ದೊಡ್ಡತಾಯಮ್ಮನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕೇಳಿದಳು.

"ಅಮ್ಮ, ಆ ಮಗು ಯಾಕೆ ಬರ್ತಿಲ್ಲ? ನಿಮಗೇನಾದ್ರೂ ಗೊತ್ತಾ?"

ದೊಡ್ಡತಾಯಮ್ಮ ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಅದರಪ್ಪನ್ನ ತುಳಿದದ್ದು ಆನೆ ಕಣವ್ವ."

"ಏನು? ಅವರಪ್ಪ ಕೊಡಗಿನ ತೋಟಕ್ಕೆ ಹೋಗಿದ್ದಾನೆ ಅಂತ ಅವರಜ್ಜೀನೇ ಹೇಳಿದ್ರಲ್ಲ!"

"ಮಗೀನ ಮುಂದೆ ಇನ್ನೇನು ಯೋಳ್ತಾಳೆ? ದೇವರಾಜ ಅಂತ ಅವನ ಎಸರು. ಓದ ವರ್ಸ ರಾಗಿ ಕಾಲದಲ್ಲಿ ತೀರ್ಕಂಡ. ಕೂಲಿಗೆ ಒಲ ಕಾಯಾಕೆ ಬಂದಿದ್ದ." ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. "ಅವ ಕಾಯ್ತಿದ್ದದ್ದು ನನ್ನ ಒಲಾನೆ."

"ಮುಖವಾಡ ಮಾಡುವಾಗ ಒಂದು ಮಾತು ಹೇಳಬಾರದಿತ್ತಾ ಅಮ್ಮ?"

"ಮಗೀಗೆ ಏನು ತಿಳೀತದೆ ಅಂದ್ಕಂಡೆ. ನನಗೂ ಆ ಮಾತು ಬಾಯಿಗೆ ತರಾಕೆ ಆಗ್ನಿಲ್ಲ."

ಶಾಂತಲಾ ಎದ್ದು ಒಳಗೆ ಹೋಗಿ ದಾರಕ್ಕೆ ನೇತುಹಾಕಿದ್ದ ಪುಸ್ತಕಗಳನ್ನು ಒಂದೊಂದಾಗಿ ತಿರುವಿದಳು. ಎಲ್ಲದರಲ್ಲೂ ಆನೆ. ಬಲೂನು ಹಿಡಿದ ಆನೆ, ಕೇಕು ತಿನ್ನುವ ಆನೆ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗುವ ಆನೆ. ಮಳೆಗಾಲದ ಪುಟದಲ್ಲಿ ಬಣ್ಣದ ಕೊಡೆ. ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಓಡುವ ಮಗು ಎಲ್ಲೂ ಇಲ್ಲ. ರಾಗಿ ಇಲ್ಲ. ಹಾಡಿಯಂತೂ ಇಲ್ಲವೇ ಇಲ್ಲ. "ಮಕ್ಕಳ ಪುಸ್ತಕದಲ್ಲಿ ಅವರವರ ಮನೆ ಕಾಣಬೇಕು ಅಂತ ತರಬೇತಿಯಲ್ಲಿ ಬಾಯಿ ಬಡ್ಕೊಂಡ್ರು. ನಾನು ತಲೆ ಆಡಿಸಿ, ಟೀ ಕುಡಿದು ಬಂದೆ" ಎಂದು ತನ್ನನ್ನೇ ಬೈದುಕೊಂಡಳು.

ಸಂಜೆ ಹಾಡಿಗೆ ಹೋದಳು. ಮಂಗಳಾಳ ಅಜ್ಜಿ ಚಿಕ್ಕಮಾದಿ ಬಾಗಿಲಲ್ಲೇ ಕೂತಿದ್ದಳು. ಮಗುವಿನ ಕುತ್ತಿಗೆಯಲ್ಲಿ ಹೊಸ ಕರಿದಾರ. ಟೀಚರನ್ನು ಕಂಡಿದ್ದೇ ಮಗು ಒಳಗೆ ಓಡಿತು.

"ಅಜ್ಜಿ, ನನ್ನಿಂದ ತಪ್ಪಾಯ್ತು. ಗೊತ್ತಿರಲಿಲ್ಲ. ಮಂಗಳಾನ ಕಳಿಸಿ."

"ಕಳ್ಸಾಕಿಲ್ಲ ಟೀಚರಮ್ಮ. ನಿಮ್ಮ ಅಂಗನವಾಡೀಲಿ ಆನೆ ಮನೆ ಮಾಡ್ಕಂಡದೆ. ಗೋಡೆ ಮ್ಯಾಲೆ ಆನೆ, ಪುಸ್ತಕದಲ್ಲಿ ಆನೆ, ಅಬ್ಬಕ್ಕೂ ಆನೆ. ಅದೂ ನಗ್ತಾ ನಿಂತದೆ. ನನ್ನ ಮಗನ್ನ ತಿಂದ್ಕಂಡು ನಗ್ತದಾ ಅದು?"

ಶಾಂತಲಾ ಅಲ್ಲೇ ಅಜ್ಜಿಯ ಮುಂದೆ ನೆಲಕ್ಕೆ ಕೂತಳು.

ಒಳಗಿನಿಂದ ಸೊಸೆ ಶೋಭಾ ಬಂದಳು. "ಬುಡಿ ಮೇಡಮ್ಮಾರೆ. ಕಾಫಿ ಅಣ್ಣಾದ್ರೆ ತೋಟದ ಜೀಪು ಬತ್ತದೆ. ಇವಳನ್ನೂ ಕರ್ಕಂಡು ಓಯ್ತೀನಿ. ಅತ್ತೆ ಕೂಲಿಗೆ ಓದ್ರೆ ಇವಳನ್ನ ಇಲ್ಲಿ ಯಾರು ನೋಡ್ಕತಾರೆ?"

"ಅಲ್ಲಿ ಕೂಲಿಯವರ ಲೈನ್ ಮನೇಲಿ ಯಾರು ನೋಡ್ಕೋತಾರೆ ಶೋಭಾ?"

"ಯಾರೂ ಇಲ್ಲ. ಗಿಡದ ಬುಡದಲ್ಲಿ ಚೀಲ ಆಸಿ ಕೂರಿಸ್ತೀವಿ. ಎಲ್ಲರ ಮಕ್ಕಳೂ ಅಂಗೇ."

"ಊಟ? ಹಾವು ಹುಳ?"

ಶೋಭಾ ಒಳಗಿದ್ದ ಮಗುವಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಅಂದಳು: "ಇನ್ನೊಂದು ಚಿಂತೆ ನಂಗೆ. ಅಪ್ಪ ಕೊಡಗಲ್ಲವ್ನೆ ಅಂತ ಯೋಳಿ ಬುಟ್ಟಿದೀವಿ. ಅಲ್ಲಿಗೆ ಕರ್ಕಂಡು ಓಗಿ ಯಾರನ್ನ ತೋರ್ಸಲಿ?"

"ಅಪ್ಪ ಯಾವಾಗ ಬರ್ತಾನೆ ಅಂತ ಕೇಳ್ತಾಳಾ?"

"ಇಲ್ಲ. ಒಂದ್ಕಿತವೂ ಕೇಳ್ನಿಲ್ಲ. ನಮ್ಮ ಪುಣ್ಯ."

ಪುಣ್ಯವಂತೆ! ಅಪ್ಪನ ಹೆಗಲಿನಿಂದ ಇಳಿಯದಿದ್ದ ಮಗು, ವರ್ಷವಾಗುತ್ತ ಬಂದರೂ ಅಪ್ಪ ಎಲ್ಲಿ ಅಂತ ಕೇಳಿಲ್ಲ ಅಂದರೆ ಅದು ಪುಣ್ಯವೇ? ಶಾಂತಲಾಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು.

"ಅಜ್ಜಿ, ಸಿಟ್ಟು ಮಾಡ್ಕೋಬೇಡಿ. ಏನೂ ಗೊತ್ತಿಲ್ಲದ ಮಗು ಕಾಗದದ ಸೊಂಡಿಲು ನೋಡಿ ಹಾಗೆ ಕಿರುಚುತ್ತಾ?"

ಚಿಕ್ಕಮಾದಿಗೆ ರೇಗಿತು. "ಸಾವಿನ ಸುದ್ದಿ ಎಳೆ ಮಗೀಗೆ ಯಾಕೆ ಬೇಕು? ದೊಡ್ಡವಳಾದ ಮ್ಯಾಲೆ ತಾನೇ ತಿಳ್ಕತಾಳೆ. ನೀವು ನಡೀರಿ."

ಶಾಂತಲಾ ಹೋದಳು. ಆದರೆ ಬಿಡಲಿಲ್ಲ. ಹಾಡಿಗೆ ಹೋಗುವುದನ್ನೇ ಒಂದು ಕೆಲಸ ಮಾಡಿಕೊಂಡಳು. ಒಂದು ದಿನ ಹಳೇ ಕ್ಯಾಲೆಂಡರೊಂದನ್ನು ಹಿಡಿದು ಹೋದಳು.

"ಅಜ್ಜಿ, ಒಂದು ಪುಸ್ತಕ ಮಾಡೋಣ ಅಂತಿದೀನಿ. ಯಾವ್ಯಾವ ಕಾಲದಲ್ಲಿ ನೀವು ಏನೇನು ಮಾಡ್ತೀರಿ ಅಂತ. ಈ ಹಾಳೆಗಳ ಹಿಂದೆ ಬರೀತೀನಿ, ನೀವು ಹೇಳಿ."

ಚಿಕ್ಕಮಾದಿ ಕ್ಯಾಲೆಂಡರನ್ನು ತಿರುಗಿಸಿ ನೋಡಿದಳು. "ಈ ಕೆಂಪಗಿರೋದು ಏನು?"

"ಹಬ್ಬದ ರಜೆ."

"ನಮ್ಮ ಅಬ್ಬ ಯಾವುದರಲ್ಲಿ ಕೆಂಪಗದೆ?"

ಶಾಂತಲಾ ಹುಡುಕಿದಳು. ಇರಲಿಲ್ಲ.

"ಅಂಗಾರೆ ಇಂದ್ಗಡೇನೇ ಬರಿ" ಎಂದು ಮುದುಕಿ ಸೊಟ್ಟಗೆ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಹಾಡಿಯವರಿಗೇ ಬಹಳ ಕಾಲವಾಗಿತ್ತು.

ಶಾಂತಲಾ ಇದ್ದಿಲಿನಲ್ಲಿ ಬರೆದಳು, ಚಿಕ್ಕಮಾದಿ ತಿದ್ದಿದಳು. ಮಳೆಗೆ ಕೊಪ್ಪೆ. ಜೇನು ಇಳಿಸುವ ಕಾಲಕ್ಕೆ ಬಳ್ಳಿಯ ಏಣಿ, ಹೊಗೆ, ಕೆಳಗೆ ಬಾಯಿ ತೆರೆದು ನಿಂತ ಮಕ್ಕಳು. ಹಲಸಿನ ಕಾಲ. ತಮ್ಮ ಹಬ್ಬದ ಕುಣಿತ. ಆನೆಯ ಪುಟಕ್ಕೆ ಬಂದಾಗ ಮಾತ್ರ ಶಾಂತಲಾಳ ಕೈ ಅಭ್ಯಾಸದ ಮೇಲೆ ಒಂದು ನಗು ಬರೆದುಬಿಟ್ಟಿತು.

"ಬಾಯಿ ಅಂಗಲ್ಲ" ಎಂದಳು ಚಿಕ್ಕಮಾದಿ. "ಆನೆ ನಗಾಕಿಲ್ಲ. ಅದಕ್ಕೆ ನಮ್ಮ ಮ್ಯಾಲೆ ಸಿಟ್ಟೇನೂ ಇಲ್ಲ. ಬ್ಯಾಸ್ಗೇಲಿ ಡ್ಯಾಮಿನ ಇನ್ನೀರಿನ ಕಡೀಕೆ ಓಯ್ತದೆ, ಅಲಸಿನಣ್ಣಿಗೆ ಬತ್ತದೆ, ರಾಗಿ ತೆನೆ ಕಟ್ಟಿದ್ರೆ ಇಳೀತದೆ. ಅದರಪ್ಪನ ಕಾಲದಿಂದ ಅದೇ ದಾರಿ. ಆ ದಾರೀಲಿ ನನ್ನ ಮಗ ನಿಂತಿದ್ದ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಪುಟಗಳನ್ನು ಗೋಣಿದಾರದಲ್ಲಿ ಹೊಲಿದರು. ಪುಸ್ತಕಕ್ಕೆ ತಾನೇ ಕಥೆ ಹೇಳಿದ್ದರಿಂದ ಮುದುಕಿಗೆ ಅದನ್ನು ಮಕ್ಕಳಿಗೆ ಓದುವುದು ಹೇಗೆ ಅಂತ ನೋಡುವ ಆಸೆ. ರಾಗಿ ಕೊಯ್ಲು ಶುರುವಾಗುವ ಹೊತ್ತಿಗೆ, ಜೀಪು ಬರುವ ಮುಂಚೆ, ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಅಂಗನವಾಡಿಗೆ ಬಂದಳು. ಶೋಭಾಳೂ ಜೊತೆಗಿದ್ದಳು. ಮಗು ಒಳಗೆ ಬರಲೊಲ್ಲದು. ಎಲ್ಲರೂ ಜಗುಲಿಯ ಮೇಲೆಯೇ ಕೂತರು.

ಶಾಂತಲಾ ಪುಟ ತಿರುವಿದಳು, ಚಿಕ್ಕಮಾದಿ ಹೇಳಿದಳು. ಕೊಪ್ಪೆಯ ಚಿತ್ರ ಕಂಡು ಊರ ಮಕ್ಕಳೂ "ನಮ್ಮನೇಲೂ ಅದೆ!" ಎಂದವು. ಜೇನಿನ ಪುಟಕ್ಕೆ ಪವಿತ್ರ ನಾಲಿಗೆ ಚಪ್ಪರಿಸಿದಳು. ಮಂಗಳಾ ಅಜ್ಜಿಯ ಸೆರಗಿನ ಹಿಂದಿನಿಂದ ಒಂದು ಕಣ್ಣು ಹೊರಗೆ ಹಾಕಿದಳು.

ಆಮೇಲೆ ರಾಗಿಯ ಪುಟ. ಹೊಲ, ಮರದ ಮೇಲೆ ಅಟ್ಟಣೆ, ಅಟ್ಟಣೆಯಲ್ಲಿ ಕಂಬಳಿ ಹೊದ್ದು ಟಾರ್ಚು ಹಿಡಿದು ಕೂತ ಒಬ್ಬ ಮನುಷ್ಯ. ದೂರದಲ್ಲಿ, ಮರಗಳ ನಡುವೆ, ನಗದೆ ನಿಂತ ಒಂದು ಆನೆ.

ಮಂಗಳಾ ಮೆಲ್ಲಗೆ ಹೊರಗೆ ಬಂದಳು. ಕಂಬಳಿಯ ಮನುಷ್ಯನ ಮೇಲೆ ಬೆರಳಿಟ್ಟಳು.

"ಅಪ್ಪ."

ಬೆರಳು ತೆಗೆಯದೆ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಅಪ್ಪ ಕೊಡಗಲ್ಲಿಲ್ಲ ಅಲ್ವಾ?"

ಚಿಕ್ಕಮಾದಿ ಟೀಚರ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಕಡೆಗೆ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡಳು. "ಇಲ್ಲ ಕಣವ್ವ. ನಿಮ್ಮಪ್ಪ ಸತ್ತೋದ. ಆನೆ ತುಳೀತು."

"ನಂಗೊತ್ತಿತ್ತು" ಎಂದಿತು ಮಗು.

"ಗೊತ್ತಿತ್ತಾ? ಮತ್ತೆ ಯಾಕವ್ವ ಕೇಳ್ನಿಲ್ಲ?"

"ನೀವು ಅಳ್ತೀರಿ ಅಂತ."

ಶೋಭಾ ಜಗುಲಿಯ ಕಂಬ ಹಿಡಿದು ಅತ್ತಳು. ಚಿಕ್ಕಮಾದಿ ಅತ್ತಳು. ಬಾಗಿಲಲ್ಲಿ ನಿಂತಿದ್ದ ದೊಡ್ಡತಾಯಮ್ಮ ಜಗುಲಿಗೆ ಬಂದು, ಹಾಡಿಯವರ ಸಮಕ್ಕೆ ಎಂದೂ ಕೂರದಿದ್ದವಳು, ಚಿಕ್ಕಮಾದಿಯ ಪಕ್ಕ ನೆಲದ ಮೇಲೆ ಕೂತಳು. "ಮಾದಿ, ನನ್ನ ಒಲದ ಕಾವಲಿಗೆ ಬಂದೇ ತೀರ್ಕಂಡ ನಿನ್ನ ಮಗ. ಮಗೀನ ನನ್ನ ಕಣ್ಣ ಮುಂದೆ ಬುಟ್ಟು ಓಗು. ಕೂಲಿಯಿಂದ ನೀನು ಬರಗಂಟ ನಾನು ನೋಡ್ಕತೀನಿ" ಎಂದಳು. ತನ್ನ ತೋಳಿನ ಮೇಲಿಟ್ಟ ಅವಳ ಕೈಯನ್ನು ಚಿಕ್ಕಮಾದಿ ಕೊಡವಲಿಲ್ಲ.

ತೋಟದ ಜೀಪು ಬಂದಾಗ ಶೋಭಾ ಒಬ್ಬಳೇ ಹತ್ತಿದಳು.

ಈಗ ಮಂಗಳಾ ದಿನಾ ಬರುತ್ತಾಳೆ. ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅವಳು ಬಾಗಿಲ ಹತ್ತಿರವೇ ಕೂರುತ್ತಾಳೆ. ಜೋರು ಸದ್ದಾದರೆ ಬೆಚ್ಚುತ್ತಾಳೆ. ರಾಗಿಯ ಪುಟ ಬಂದಾಗಲೆಲ್ಲ ಕಂಬಳಿಯ ಮನುಷ್ಯನ ಮೇಲೆ ಬೆರಳಿಡುತ್ತಾಳೆ. ಬೆರಳಿಟ್ಟು ಇಟ್ಟು ಅಲ್ಲಿನ ಇದ್ದಿಲು ಮಾಸಿದೆ. ಗೋಡೆಯ ಕಡೆಗೆ ಮಾತ್ರ ಬಹಳ ದಿನ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡತಾಯಮ್ಮ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು, ಸ್ಟೂಲು ಹತ್ತಿದಳು, ನೀಲಿ ಆನೆಯ ನಗುವಿನ ಮೇಲೆ ಬೆರಳಿನಿಂದ ಸುಣ್ಣ ಬಳಿದಳು.

"ಮೇಲಿನವರು ಬಂದು ಕೇಳಿದ್ರೆ?" ಅಂದಳು ಶಾಂತಲಾ.

"ಕೇಳ್ಲಿ. ಯೋಳ್ತೀನಿ" ಎಂದಳು ದೊಡ್ಡತಾಯಮ್ಮ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಣಪತಿ ಹಬ್ಬ ಬೇಡ ಅಂತ ನಾವು ಹೇಳುತ್ತಿಲ್ಲ. ಮಾಡಿ, ಚೆನ್ನಾಗಿ ಮಾಡಿ. ಆದರೆ ಆ ಜಗುಲಿಯಲ್ಲಿ ಕೂರುವ ಎಲ್ಲ ಮನೆಯ ಹಬ್ಬವನ್ನೂ ಮಾಡಿ. ಟೀಚರಮ್ಮಂದಿರೇ, ಮಕ್ಕಳಿಂದ ಏನನ್ನಾದರೂ ಮಾಡಿಸುವ ಮುಂಚೆ, ಈ ಕಾಲ ಅಂದರೆ ನಿಮ್ಮ ಮನೆಯಲ್ಲಿ ಏನು ಅಂತ ಅವರ ಮನೆಯವರನ್ನು ಒಂದು ಮಾತು ಕೇಳಿ. ಟ್ರಂಕಿನ ಬೀಗ ತೆಗೆಯಿರಿ. ಪುಸ್ತಕ ಹರಿದರೆ ಹರಿಯಲಿ, ಅಂಟಿಸಬಹುದು. ನಮ್ಮ ಮಕ್ಕಳ ಮನೆ, ಮಳೆ, ರಾಗಿ ಅದರಲ್ಲಿ ಇಲ್ಲದಿದ್ದರೆ ಹಳೇ ಕ್ಯಾಲೆಂಡರಿನ ಹಿಂದೆಯಾದರೂ ಬರೆಯಿರಿ. ಅಜ್ಜಿಯರೇ, ನೀವು ಹೋಗಿ ಕಥೆ ಹೇಳಿ. ನಮಗೆ ಓದು ಬಾರದು ಅಂತ ಹಿಂಜರಿಯಬೇಡಿ, ಚಿಕ್ಕಮಾದಿಗೂ ಬಾರದು. ತೋಟಕ್ಕೆ, ಶುಂಠಿ ಕೆಲಸಕ್ಕೆ ಹೋಗುವವರೇ, ಎಳೆ ಮಕ್ಕಳನ್ನು ಗಿಡದ ಬುಡದಲ್ಲಿ ಚೀಲ ಹಾಸಿ ಕೂರಿಸಬೇಡಿ, ಮನೆಯವರ ಹತ್ತಿರ ಬಿಟ್ಟು ಅಂಗನವಾಡಿಗೆ ಕಳಿಸಿ.

ಮನೆಯಲ್ಲಿ ಸಾವಾಗಿದ್ದರೆ, ಮಗುವಿಗೇನು ತಿಳಿಯುತ್ತದೆ ಅನ್ನಬೇಡಿ. ಮಡಿಲಲ್ಲಿ ಕೂರಿಸಿಕೊಂಡು, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ನಿಜ ಹೇಳಿ. ಅದಕ್ಕೆ ಆಗಲೇ ಗೊತ್ತಿರುತ್ತದೆ. ನೀವು ಅಳುತ್ತೀರಿ ಅಂತ ಸುಮ್ಮನಿರುತ್ತದೆ, ಅಷ್ಟೆ.