ತರಗೆಲೆಯ ಮೇಲೆ ಹೊರಿಸಿದ ತಪ್ಪು

ನಮ್ಮ ಹಿತ್ತಿಲ ಗೋಡೆಯಾಚೆ ಟೈಲರಕ್ಕನ ಮನೆ. ಅವರ ಮರ ಉದುರಿಸುವ ಎಲೆಯನ್ನೆಲ್ಲ ಗುಡಿಸಿ, ಚೀಲಕ್ಕೆ ತುಂಬಿ, ಗೋಡೆಯ ಮೇಲಿಂದ ನನಗೆ ಇಳಿಸಿಕೊಡುತ್ತಾರೆ. ನನ್ನ ತರಕಾರಿ ಪಾತಿಗಳಿಗೆ ಅದೇ ಹೊದಿಕೆ. ಅದಿದ್ದರೆ ನೆಲ ಬೇಗ ಒಣಗುವುದಿಲ್ಲ, ಕಳೆಯೂ ತಲೆಯೆತ್ತುವುದಿಲ್ಲ.

ಈ ಸಲ ಹೊಸ ಹೊದಿಕೆ ಹಾಕಿದ ಮೇಲೆ ಟೊಮೆಟೊ ಪಾತಿಯ ತುಂಬ ಕಳೆ. ಕಿತ್ತಷ್ಟೂ ಬಂತು. ಮೊನ್ನೆ ಹೊಲಿಯಲು ಕೊಟ್ಟಿದ್ದ ಪರದೆ ತರಲು ಹೋದಾಗ, ಅವರ ಹೊಲಿಗೆ ಅಂಗಡಿಯಲ್ಲಿ ಅಳತೆ ಕೊಡಲು ಜನ ಕೂತಿದ್ದರು. "ತೋಟ ಹೇಗಿದೆಯಮ್ಮಾ?" ಎಂದರು ಟೈಲರಕ್ಕ. ನನಗೆ ಸೊಂಟನೋವು, ಬಾಯಿಗೆ ಹಿಡಿತವಿರಲಿಲ್ಲ.

"ನಿಮ್ಮ ಎಲೆ ದೆಸೆಯಿಂದ ಹಾಳಾಗೋಯ್ತು ಅಕ್ಕಾ. ಇರೋಬರೋ ಕಸಾನೆಲ್ಲ ತುಂಬಿ ಕೊಟ್ರೇನೋ. ಇನ್ಮೇಲೆ ಬೇಡ."

ಯಾರೋ ಕಿಸಕ್ಕನೆ ನಕ್ಕರು. ಟೈಲರಕ್ಕ ಪರದೆ ಮಡಿಸಿ ಕೊಟ್ಟರು. ಅಂದಿನಿಂದ ಗೋಡೆಯಾಚೆಯಿಂದ ಒಂದು ದನಿಯೂ ಇಲ್ಲ.

ಇವತ್ತು ಪಾತ್ರೆ ತೊಳೆದಿಟ್ಟು, ಮಗಳನ್ನು ಕರೆದುಕೊಂಡು ಕಳೆ ಕೀಳಲು ಕೂತೆ.

"ಅಮ್ಮಾ, ಬದನೆ ಪಾತೀಲಿ ಒಂದೂ ಕಳೆ ಇಲ್ವಲ್ಲ?"

"ಎರಡಕ್ಕೂ ಅದೇ ಎಲೆ ಕಣೇ."

"ಎಲ್ಲಿ? ಎಲೆ ಬದನೆಗೇ ಮುಗೀತು. ಇಲ್ಲಿಗೆ ಅವತ್ತು ಕಿತ್ತ ಕಳೇನೇ ಹಾಸಿದ್ಯಲ್ಲ. ಬಿಸಾಕೋದ್ಯಾಕೆ ಅಂತ ನೀನೇ ಅಂದೆ."

ಹೊದಿಕೆ ಸರಿಸಿದೆ. ಮೇಲೆ, ಚೀಲದಲ್ಲಿ ಉಳಿದಿದ್ದನ್ನು ಚೆಂದಕ್ಕೆಂದು ಉದುರಿಸಿದ ತೆಳು ಪದರ ಎಲೆ. ಅಡಿಯಲ್ಲಿ ನಾನೇ ಕಿತ್ತು ಹಾಸಿದ ಕಳೆಹುಲ್ಲು, ಬೀಜ ಕಟ್ಟಿದ ತೆನೆಗಳ ಸಮೇತ. ಕೈಯಾರೆ ಬಿತ್ತಿದವಳು ನಾನು!

"ಹೋಗಿ ಹೇಳ್ತೀಯಾ?" ಎಂದಳು ಮಗಳು.

"ಇದು ಮುಗೀಲಿ" ಎಂದೆ. ಮುಗಿದ ಮೇಲೂ ಮಣ್ಣಿನ ಕೈ ತೊಳೆಯುತ್ತ ಬಹಳ ಹೊತ್ತು ಕಳೆದೆ. ಕೊನೆಗೆ ಗೋಡೆಯ ಹತ್ತಿರ ಹೋದೆ. ಟೈಲರಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಅಕ್ಕಾ, ಕಳೆ ನಿಮ್ಮ ಎಲೆಯಿಂದ ಬಂದಿದ್ದಲ್ಲ. ಬೀಜದ ಹುಲ್ಲು ಹಾಸಿದ್ದು ನಾನೇ."

"ಗೊತ್ತು ಕಣಮ್ಮ. ನೀನು ಹಾಸ್ತಿದ್ದಾಗ್ಲೇ ನೋಡ್ದೆ. ಪಾಪ, ಅಷ್ಟು ಓರಣವಾಗಿ ಹಾಸ್ತಿದ್ದೆ, ಹೇಳೋಕೆ ಮನಸ್ಸು ಬರ್ಲಿಲ್ಲ."

"ಅಂಗಡೀಲಿ ನಾನು ಹಾಗಂದಾಗಾದ್ರೂ ಹೇಳ್ಬಾರ್ದಿತ್ತಾ?"

"ಅಷ್ಟು ಜನರ ಮುಂದೆ ನಿನ್ನ ಮುಖ ಸಣ್ಣದು ಮಾಡ್ಬೇಕಿತ್ತಾ?"

ಬಟ್ಟೆ ಹೆಗಲಿಗೆ ಹಾಕಿಕೊಂಡು ಅವರು ಒಳಗೆ ಹೋದರು. ನಾನು ಮಾಡಿದ್ದು ಅದನ್ನೇ ಅಲ್ಲವೇ? ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ, ಅಂಗಡಿಯಲ್ಲಿ ಜನ ಸೇರುವ ಹೊತ್ತಿಗೇ ಹೋದೆ. ಬಾಗಿಲಲ್ಲೇ ನಿಂತು, "ಅಕ್ಕಾ, ಅವತ್ತು ನಾನಂದಿದ್ದು ಸುಳ್ಳು. ತಪ್ಪು ನಂದು" ಎಂದೆ. ಹೊಲಿಗೆ ಮಶಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹೇಳಿಯಾಯಿತೆಂದು ಹೊರಟುಬಿಡಬಹುದಿತ್ತು.

ಟೈಲರಕ್ಕ ನನ್ನ ಮುಖ ನೋಡಿ, ಮಶಿನ್ ನಿಲ್ಲಿಸಿದರು. ಎಲ್ಲರೂ ತಲೆಯೆತ್ತಿದರು.

ಮತ್ತೊಮ್ಮೆ ಹೇಳಿದೆ.