ಹಗಲು ಹೇಳಿದ ಕಥೆ

ಮಂಕಿಯ ಕಡಲಂಚಿನ ಕೇರಿಯಲ್ಲಿ ಈರಮ್ಮನಷ್ಟು ಕಥೆ ಬಲ್ಲವರು ಇನ್ನೊಬ್ಬರಿಲ್ಲ. ಮೀನಿನ ಬುಟ್ಟಿ ಇಳಿಸಿ, ಕಾಲು ತೊಳೆದು, ಉಂಡು ಚಾಪೆ ಹಾಸಿದಳೆಂದರೆ ಮೊಮ್ಮಗಳು ದೀಕ್ಷಾ ಬಂದು ಅವಳ ಹೊಟ್ಟೆಗೆ ಅಂಟಿಕೊಳ್ಳುತ್ತಿದ್ದಳು. "ಇವತ್ತು ಎಂತ ಕಥೆ ಅಜ್ಜಿ?" ಅಜ್ಜಿ ನಾಲ್ಕು ಕಥೆಯ ಹೆಸರು ಹೇಳಬೇಕು, ಇವಳು ನಾಲ್ಕನ್ನೂ ಬೇಡ ಅನ್ನಬೇಕು, ಕಡೆಗೆ ಮೊದಲನೆಯದನ್ನೇ ಆರಿಸಬೇಕು. ಅದು ದಿನದ ವಾಡಿಕೆ.

ಈಗ ತಿಂಗಳಾಯಿತು, ಹುಡುಗಿ ಕಥೆಯನ್ನೇ ಕೇಳುತ್ತಿಲ್ಲ.

ಚೌತಿ ಕಳೆದ ಎಂಟನೇ ದಿನ ಅವಳ ಅಪ್ಪ ದೇವರಾಜ, ಈರಮ್ಮನ ಒಬ್ಬನೇ ಮಗ, ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಮೂರು ದಿನ ಹುಡುಕಿದ ಮೇಲೆ ಮುರ್ಡೇಶ್ವರದ ಆಚೆ ದೋಣಿ ಕವುಚಿ ತೇಲುತ್ತಿದ್ದದ್ದು ಸಿಕ್ಕಿತು. ಆಳು ಸಿಗಲಿಲ್ಲ. ಐದು ವರ್ಷದ ಮಗುವಿಗೆ ಎಂತ ಹೇಳುವುದು? ಬಂದವರೆಲ್ಲ ತಲೆ ಸವರಿ, "ಅಪ್ಪನ ದೋಣಿ ದಾರಿ ತಪ್ಪಿದೆ ಮಗಾ" ಎಂದರು. ಈರಮ್ಮನೂ ಹಾಗೆಯೇ ಅಂದಳು. ಮೆತ್ತನೆಯ ಮಾತು, ಮಗುವಿಗೆ ನಾಟುವುದಿಲ್ಲ ಎಂದುಕೊಂಡಳು.

ಅಂಗನವಾಡಿಯ ಕಲ್ಪನಾ ಟೀಚರು ಮನೆಗೇ ಬಂದರು. "ಮಗು ಬಾಯೇ ಬಿಡೂದಿಲ್ಲ ಈರಮ್ಮ. ಮಲಗುವಾಗ ಕಥೆ ಹೇಳಿ. ಸಾವುಗೀವು ಇದ್ದದ್ದು ಬೇಡ. ಎಲ್ಲರೂ ಸುಖವಾಗಿರೋ ಕಥೆ ಆರಿಸಿ."

"ನಮ್ಮ ಕಥೆಲಿ ಕಾಗೆ ಗೂಡು ಮಳೆಗೆ ತೊಳ್ದು ಹೋಗ್ತದೆ, ನರಿ ಬಾಲ ಕಳ್ಕಳ್ತದೆ. ಸುಖವಾಗಿದ್ದವರ ಕಥೆ ಯಾರು ಹೇಳ್ತಾರೆ ಟೀಚರಮ್ಮ? ಅದು ಎರಡೇ ಮಾತಿಗೆ ಮುಗೀತದೆ."

ಹಾಗೆ ಅಂದರೂ ಅವತ್ತು ಮೀನು ಮಾರುತ್ತ ಮನಸ್ಸಿನಲ್ಲಿ ಒಂದೊಂದೇ ಕಥೆ ಎತ್ತಿ ನೋಡಿದಳು. ಏಳು ಅಣ್ಣಂದಿರು ಹಡಗು ಹತ್ತುವ ಕಥೆ ಬೇಡ. ಗುಬ್ಬಿ ಗಂಡನ ದಾರಿ ಕಾಯುವ ಕಥೆಯಂತೂ ಬೇಡವೇ ಬೇಡ. ರಾಜ ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಅದೂ ಬೇಡ. ಕಡೆಗೆ ಉಳಿದದ್ದು ಏಡಿಯ ಮದುವೆ ಒಂದೇ. ಮದುಮಗ ಅಡ್ಡಡ್ಡ ನಡೆಯುತ್ತ ದಿಬ್ಬಣ ಬಿಟ್ಟು ಅಡುಗೆಮನೆ ಹೊಕ್ಕು ಪಾಯಸದ ಹಂಡೆಗೆ ಬೀಳುತ್ತಾನೆ. ಹಿಂದೆಲ್ಲ ಅದನ್ನು ಕೇಳಿ ಹುಡುಗಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತುತ್ತಿತ್ತು.

ರಾತ್ರಿ ಚಾಪೆಯ ಮೇಲೆ ಕೇಳಿದಳು, "ಏಡಿ ಮದುವೆ ಹೇಳ್ಲಾ?"

"ಬೇಡ."

"ಅರ್ಧ ಹೇಳ್ತೆ. ಪಾಯಸದಷ್ಟೇ."

"ಬೇಡ ಅಜ್ಜಿ!" ದೀಕ್ಷಾ ಎರಡೂ ಕಿವಿ ಮುಚ್ಚಿಕೊಂಡಳು.

"ಎಂತಕ್ಕೆ ಮಗಾ? ಈಗ ರಾತ್ರಿ ಅಲ್ವಾ? ರಾತ್ರಿ ಕೇಳಬಹುದು."

ಹುಡುಗಿ ಅಜ್ಜಿಯ ಕಿವಿಗೆ ಬಾಯಿಟ್ಟಳು. "ನಂಗೆ ಜ್ವರ ಬಂದಾಗ ಹಗಲಲ್ಲಿ ಹೇಳಿದ್ಯಲ್ಲ. ಅದಕ್ಕೇ ಅಪ್ಪಂಗೆ ದಾರಿ ತಪ್ಪಿತು."

ಹಗಲು ಕಥೆ ಹೇಳಿದರೆ ಕಡಲಿಗೆ ಹೋದ ದೋಣಿ ದಾರಿ ತಪ್ಪುತ್ತದೆ. ಆ ಮಾತನ್ನು ಈರಮ್ಮನೇ ನೂರು ಸಲ ಹೇಳಿದ್ದಳು. ಅವಳ ಅತ್ತೆಯೂ ಹೇಳುತ್ತಿದ್ದಳು. ಹಗಲಿಡೀ ಮೀನಿಗೆ ಉಪ್ಪು ಹಾಕುವ, ಒಣಗಿಸುವ ಹೆಂಗಸರ ಸೆರಗು ಹಿಡಿದು ಮಕ್ಕಳು ಕಾಡಬಾರದೆಂದು ಮಾಡಿಕೊಂಡ ಮಾತು, ಅಷ್ಟೇ. ದೇವರಾಜ ಕಡಲಿಗೆ ಹೋದ ಆ ದಿನ ಮಾತ್ರ ಮಗುವಿನ ಮೈ ಕೆಂಡವಾಗಿತ್ತು. "ಒಂದೇ ಒಂದು, ಸಣ್ಣದು" ಎಂದು ಅತ್ತಾಗ ತಡೆಯಲಾಗದೆ ನಡುಮಧ್ಯಾಹ್ನವೇ ಹೇಳಿಬಿಟ್ಟಿದ್ದಳು.

"ಅದು ಸುಳ್ಳು ಮಾತು ಮಗಾ. ನೀವು ಕಾಟ ಕೊಡಬಾರದು ಅಂತ ಹೇಳೂದು. ಕಥೆಗೂ ದೋಣಿಗೂ ಎಂತದೂ ಇಲ್ಲ."

ದೀಕ್ಷಾ ಎದ್ದು ಕೂತಳು. "ಹಂಗಾರೆ ಅಪ್ಪಂಗೆ ದಾರಿ ತಪ್ಪಿದ್ದಲ್ವಾ? ಮತ್ತೆಂತ ಆತು?"

ಈ ಸಲ ಅವಳು ಗಟ್ಟಿಯಾಗಿಯೇ ಕೇಳಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಸೊಸೆ ಸುಚಿತಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ಹೆಣ ಸಿಗದ್ದರಿಂದ ದೇವರಾಜ ಸತ್ತ ಎಂಬ ಮಾತನ್ನು ಈ ಮನೆಯಲ್ಲಿ ಇನ್ನೂ ಯಾರೂ ಆಡಿರಲಿಲ್ಲ. ದಿನಾ ಗಂಡನ ಪಾಲಿನ ಅನ್ನ ಮುಚ್ಚಿಟ್ಟು, ಬೆಳಗ್ಗೆ ಅದನ್ನೇ ತಿಂದು ಕೆಲಸಕ್ಕೆ ಹೋಗುವವಳು ಸುಚಿತಾ. ಮಗುವಿಗೆ ಹೇಳಿದರೆ ಅವಳಿಗೂ ಹೇಳಿದಂತೆ.

ಸುಚಿತಾ ಅತ್ತೆಯನ್ನೇ ನೋಡುತ್ತಿದ್ದಳು. "ಎಂತ ಹೇಳ್ತಿದ್ರಿ ಅತ್ತೆ?"

ಈರಮ್ಮ ಸೊಸೆಯ ಬಳೆಗಳ ಕಡೆ ನೋಡಿದಳು.

"ಎಂತದೂ ಇಲ್ಲ," ಎಂದಳು. ಮಗುವಿನ ಕಡೆ ತಿರುಗಿ, "ದಾರಿ ತಪ್ಪಿದ್ದೇ ಮಗಾ. ದಾರಿಯೇ ತಪ್ಪಿದ್ದು."

ಸುಚಿತಾ ಒಳಗೆ ಹೋದಳು. ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ದೀಕ್ಷಾ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಕೆನ್ನೆ ಮುಟ್ಟಿ ನೋಡಿ, ಒದ್ದೆಯಾಗಿದ್ದದ್ದನ್ನು ತನ್ನ ಲಂಗದಲ್ಲಿ ಒರೆಸಿದಳು.

"ಅಳಬೇಡ ಅಜ್ಜಿ. ನೀ ಹಗಲಲ್ಲಿ ಕಥೆ ಹೇಳಿದ್ದು ಅಂತ ನಾ ಅಮ್ಮಂಗೆ ಹೇಳೂದಿಲ್ಲ. ಬೇಕು ಅಂತ ಕೇಳಿದ್ದು ನಾನೇ ಅಲ್ವಾ."